ಗಂಧ ಬೆರೆತ ಕಟ್ಟಿಗೆ ಚೂರು

ಟಿಕೋಟಾದ ಹೊರಗೆ ಅಥಣಿ ರಸ್ತೆಯಿಂದ ಒಳಕ್ಕೆ ಹೊರಳಿದರೆ ಸಿಗುವ ದ್ರಾಕ್ಷಿ ತೋಟಗಳಲ್ಲಿ ಕಸ್ತೂರಿಯದೂ ಒಂದು. ತೋಟ ಗಂಡ ಅಪ್ಪುವಿನ ಹೆಸರಿನಲ್ಲಿದ್ದರೂ ಯಾವ ಸಾಲಿಗೆ ನೀರು ಹೆಚ್ಚಾಯಿತು, ಯಾವ ಬಳ್ಳಿಗೆ ಬೂದಿರೋಗ ಹತ್ತಿತು ಎಂಬುದು ಮೊದಲು ಕಾಣುತ್ತಿದ್ದುದು ಅವಳ ಕಣ್ಣಿಗೆ. ಆ ವರ್ಷ ಅಕ್ಟೋಬರಿನ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಶುರುವಾಗಿ, ಕತ್ತರಿಸಿದ ಬಳ್ಳಿ ಸಾಲುಗಳ ನಡುವೆ ಕಾಲಿಡಲು ಬಾರದಂತೆ ಬಿದ್ದಿತ್ತು. ಮೊದಲೆಲ್ಲ ಅದನ್ನು ಬದುವಿಗೆ ಎಳೆದು ಸುಡುತ್ತಿದ್ದರು. ರಿಜ್ವಾನ ಟ್ರ್ಯಾಕ್ಟರಿಗೆ ಚಿಪ್ಪರ್ ಯಂತ್ರ ಕಟ್ಟಿಕೊಂಡು ತೋಟದಿಂದ ತೋಟಕ್ಕೆ ತಿರುಗತೊಡಗಿದ ಮೇಲೆ ಸುಡುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಒಂದು ಕಡೆಯಿಂದ ಬಳ್ಳಿ ತುರುಕಿದರೆ ಯಂತ್ರ ಇನ್ನೊಂದು ಕಡೆಯಿಂದ ಉಗುರಿನಷ್ಟು ಸಣ್ಣ ಚೂರು ಮಾಡಿ ಉಗುಳುತ್ತಿತ್ತು. ಬುಡಕ್ಕೆ ಹಾಸಿದರೆ ನೆಲದ ತೇವ ಉಳಿಯುತ್ತದೆ, ಕಳೆ ಏಳುವುದಿಲ್ಲ.

ರಿಜ್ವಾನ ಟಿಕೋಟಾದವನೇ. ಅಪ್ಪುವಿನ ಜೊತೆ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವನು. ತೋಟದ ಕೆಲಸ ಇಲ್ಲದ ದಿನಗಳಲ್ಲಿ ವಿಜಯಪುರಕ್ಕೆ ಹೋಗಿ ಮನೆಗಳ ಅಂಗಳದ ಟೊಂಗೆ, ತೆಂಗಿನ ಗರಿ, ಸವರಿದ ಬೇಲಿಯ ಕಸ ಎಲ್ಲವನ್ನೂ ಪುಡಿಮಾಡಿಕೊಡುತ್ತಿದ್ದ. ಆ ಚೂರನ್ನು ಬೇಕೆಂದವರ ತೋಟಕ್ಕೆ ತಂದು ಸುರಿಯುತ್ತಿದ್ದ. ಹಾಗೆ ತಂದ ಒಂದು ಟ್ರಾಲಿ ಚೂರು ಕಸ್ತೂರಿಯ ತೋಟದ ಮೂಲೆಗೂ ಬಿತ್ತು. ಅವಳು ಆ ದಿನ ಬಬಲೇಶ್ವರದ ತವರಿಗೆ ಹೋಗಿದ್ದಳು. ಬಂದು ನೋಡುವಷ್ಟರಲ್ಲಿ ಗುಡ್ಡೆ ಇತ್ತು, ಟ್ರಾಲಿ ಇರಲಿಲ್ಲ.

ಮರುದಿನ ಬೆಳಗ್ಗೆ ಅವಳೂ ಅತ್ತೆ ರಾಚವ್ವನೂ ಬುಟ್ಟಿಯಲ್ಲಿ ಚೂರು ತುಂಬಿ ಸಾಲಿಗೆ ಹರವಲು ನಿಂತರು. ಮೇಲಿನ ಪದರದಲ್ಲಿ ಬರೀ ಬೇವಿನ ಕಹಿ ವಾಸನೆ. ಗುಡ್ಡೆಯ ಹೊಟ್ಟೆಗೆ ಸಲಿಕೆ ಇಳಿದಾಗ ಬೇರೆಯದೇ ಒಂದು ಪರಿಮಳ ಎದ್ದಿತು. ಕಸ್ತೂರಿ ಮೂಗು ಹಿಗ್ಗಿಸಿ ಸುತ್ತ ನೋಡಿದಳು. ಯಾರಾದರೂ ಊದಿನಕಡ್ಡಿ ಹಚ್ಚಿದ್ದಾರೋ ಎಂಬಂತಿತ್ತು. ರಾಚವ್ವ ಬೊಗಸೆ ತುಂಬ ಚೂರೆತ್ತಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು.

"ಇದು ಗಂಧ ಐತಿ ಕಸ್ತೂರಿ," ಅಂದಳು. "ಬೇವಿನಾಗ ಗಂಧ ಕೂಡೇತಿ."

ಕಸ್ತೂರಿ ಬಾಗಿ ನೋಡಿದಳು. ಬೇವಿನ ಬಿಳಿ ಚೂರುಗಳ ನಡುವೆ ಜೇನಿನ ಬಣ್ಣದ, ಎಣ್ಣೆ ಹಚ್ಚಿದಂತೆ ನುಣುಪಾದ ಚೂರುಗಳು. ಒಂದೆರಡಲ್ಲ, ಮುಷ್ಟಿ ಮುಷ್ಟಿ ಸಿಗುವಷ್ಟು. ಟೊಂಗೆಗೆ ಇಷ್ಟು ವಾಸನೆ ಇರುವುದಿಲ್ಲ, ಬಲಿತ ಗಿಡದ ತಿರುಳಿಗೆ ಮಾತ್ರ ಇರುತ್ತದೆ ಎಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಬಲಿತ ಗಂಧದ ಗಿಡವನ್ನು ಯಂತ್ರಕ್ಕೆ ಹಾಕಿ ಪುಡಿಮಾಡುವ ಹುಚ್ಚ ಯಾರಿದ್ದಾನು?

ಅವಳಿಗೆ ತಟ್ಟನೆ ನೆನಪಾದದ್ದು ಅಮೋಘಿ ಕಾಕಾನ ಗಿಡ.

ಅಮೋಘಿ ಪಕ್ಕದ ತೋಟದವನು. ಅವನ ಅಪ್ಪನ ಕಾಲದಲ್ಲಿ ಕುರಿ ಹಿಂಡೇ ಬದುಕಾಗಿತ್ತು. ಈಗ ದ್ರಾಕ್ಷಿಯೇ ಹೆಚ್ಚು, ಕುರಿ ಕಡಿಮೆ. ಅವನ ಬದುವಿನ ಮೇಲೆ ತಾನೇ ಹುಟ್ಟಿ ಬೆಳೆದ ಗಂಧದ ಗಿಡವೊಂದಿತ್ತು. ಕಳೆದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ಗಿಡದ ಜಾಗದಲ್ಲಿ ಗರಗಸದ ಪುಡಿ ಮಾತ್ರ ಉಳಿದಿತ್ತು. ಪೊಲೀಸರು ಬಂದು ಹೋದರು, ಯಾರೂ ಸಿಗಲಿಲ್ಲ. ಗಿಡ ಹೋಗುವ ಕೆಲವೇ ದಿನ ಮೊದಲು ಏಪ್ರಿಲ್ ಚಾಟ್ನಿಯ ಬಳ್ಳಿ ಪುಡಿಮಾಡಲು ರಿಜ್ವಾನ ಅಮೋಘಿಯ ತೋಟಕ್ಕೆ ಬಂದಿದ್ದ. ಊಟಕ್ಕೆ ಅದೇ ಗಿಡದ ನೆರಳಿನಲ್ಲಿ ಕೂತು, "ಇಂಥಾ ಗಿಡಾನ ಹಿಂಗ ಬಯಲಾಗ ಬಿಟ್ಟೀರಲ್ಲ ಕಾಕಾ, ಯಾರರೆ ಕಣ್ಣ ಹಾಕ್ಯಾರು," ಅಂದಿದ್ದ. ಅಂದು ಕಾಕಾನ ತೋಟಕ್ಕೆ ಕೈಗೂಡಿಸಲು ಹೋಗಿ ಊಟ ಬಡಿಸಿದ ಕಸ್ತೂರಿ ಅದನ್ನು ಕಿವಿಯಾರೆ ಕೇಳಿದ್ದಳು. ಆಗ ಅದು ಕಾಳಜಿಯ ಮಾತಾಗಿ ಕೇಳಿಸಿತ್ತು. ಈಗ ಚೂರು ಹಿಡಿದ ಅಂಗೈ ನೋಡುತ್ತ ನಿಂತವಳಿಗೆ ಅದೇ ಮಾತು ಬೇರೆ ಬಣ್ಣದಲ್ಲಿ ಕಂಡಿತು.

ಕಳ್ಳರು ದಿಮ್ಮಿ ಒಯ್ಯುತ್ತಾರೆ. ಬುಡದ ಮೋಟು, ಗಂಟು, ಅಡ್ಡಾದಿಡ್ಡಿ ತುಂಡು ತಿಂಗಳುಗಟ್ಟಲೆ ಬಳಿಯಲ್ಲಿ ಉಳಿದರೆ ಸಿಕ್ಕಿಬೀಳುತ್ತಾರೆ. ಅದನ್ನೆಲ್ಲ ಗುರುತು ಸಿಗದಂತೆ ಮಾಡಲು ಇದಕ್ಕಿಂತ ಒಳ್ಳೆಯ ಯಂತ್ರ ಯಾವುದಿದೆ? ಬೇವಿನ ಜೊತೆ ರುಬ್ಬಿ ಯಾರದೋ ತೋಟಕ್ಕೆ ಸುರಿದರೆ ಮುಗಿಯಿತು.

"ಅತ್ತಿ, ಯಾರ ಮುಂದೂ ಆಡಬ್ಯಾಡ್ರಿ," ಅಂದಳು ಕಸ್ತೂರಿ.

"ನಾ ಯಾಕ ಆಡಲೆವ್ವ. ಆದ್ರ ನಿನ್ನ ಗಂಡನ್ನ ಕೇಳು. ಟ್ರಾಲಿ ಬಂದಾಗ ಅಂವಾ ಇಲ್ಲೇ ಇದ್ದ."

ಸಂಜೆ ಅಪ್ಪು ಚಹಾ ಕುಡಿಯುತ್ತ ಕೂತಿದ್ದಾಗ ಕಸ್ತೂರಿ ಕೇಳಿದಳು. "ಆ ಚೂರು ಎಲ್ಲೀದ್ರಿ?"

"ರಿಜ್ವಾನ ತಂದ. ಬಿಜಾಪುರದ್ದು."

"ಬಿಜಾಪುರದಾಗ ಎಲ್ಲೀದು?"

"ನಂಗೇನ ಗೊತ್ತ? ಯಾರ್ದೋ ಮನಿ ಬೇವಿನ ಗಿಡ."

"ಅದರಾಗ ಗಂಧ ಐತಿ."

ಅಪ್ಪು ಬಸಿ ಕೆಳಗಿಟ್ಟ. ಅವನ ಕಣ್ಣು ಅವಳ ಮುಖ ಬಿಟ್ಟು ಬಾಗಿಲ ಕಡೆ ಹೋಯಿತು. "ಇದ್ರ ಇರಲಿ. ಬಳ್ಳಿ ಬುಡಕ ಗಂಧ ಬಿದ್ರ ಏನ್ ಕೆಟ್ಟತಿ?" ಅಂದು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ಮತ್ತೆ ಯಾರಿಗೋ ಫೋನ್ ಮಾಡುವ ನೆಪ ಹೇಳಿ ಹೊರಗೆದ್ದು ಹೋದ.

ಅವಳಿಗೆ ಇನ್ನೊಂದು ನೆನಪಾಯಿತು. ಅವಳು ತವರಿಗೆ ಹೊರಟ ಬೆಳಗ್ಗೆ ಅಪ್ಪು ಔಷಧಿ ತರಲು ವಿಜಯಪುರಕ್ಕೆ ಹೋಗುತ್ತೇನೆ ಅಂದಿದ್ದ. ಔಷಧಿ ಬಂದಿರಲಿಲ್ಲ. ಅವನ ಅಂಗಿ ಒಗೆಯುವಾಗ ಜೇಬಿನ ಹೊಲಿಗೆಯಲ್ಲಿ ಕಟ್ಟಿಗೆ ಪುಡಿ ಕೂತಿತ್ತು. ದ್ರಾಕ್ಷಿ ಬೆಳೆಯುವವನ ಜೇಬಿನಲ್ಲಿ ಪುಡಿ ಇರುವುದು ಸಹಜ ಎಂದು ಆಗ ಕೊಡವಿ ಬಿಟ್ಟಿದ್ದಳು. ಈಗ ಒಗೆದ ಅಂಗಿಯನ್ನೇ ಗೂಟದಿಂದ ತೆಗೆದು ಮೂಸಿದಳು. ಸಾಬೂನಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಬರಲಿಲ್ಲವೆಂದು ಅವಳ ಮನಸ್ಸು ತಣ್ಣಗಾಗಲೂ ಇಲ್ಲ.

ರಿಜ್ವಾನ ಆಗ ಎರಡು ತೋಟ ಆಚೆ ಕೆಲಸ ಮಾಡುತ್ತಿದ್ದ. ಮರುದಿನ ಕಸ್ತೂರಿ ಬೇಕೆಂದೇ ಆ ದಾರಿ ಹಿಡಿದಳು. ಯಂತ್ರದ ಸದ್ದು ದೂರದಿಂದಲೇ ಕೇಳುತ್ತಿತ್ತು. ಬಳ್ಳಿ ಒಳಗೆ ಹೋದಾಗ ಕಿರುಚಿ, ಖಾಲಿ ತಿರುಗುವಾಗ ಗುಂಯ್ ಅನ್ನುತ್ತಿತ್ತು. ಅವಳನ್ನು ಕಂಡು ರಿಜ್ವಾನ ಟ್ರ್ಯಾಕ್ಟರ್ ಬಂದ್ ಮಾಡಿ, ಮುಖಕ್ಕೆ ಕಟ್ಟಿದ ಟವೆಲ್ ಬಿಚ್ಚಿದ.

"ಏನ್ರಿ ವೈನಿ, ನಿಮ್ಮ ಪಾಳಿ ನಾಡಿದ್ದೈತ್ರಿ. ಮರ್ತಿಲ್ಲ ನಾ."

"ಅದಕ್ಕಲ್ಲಣ್ಣ. ಮೊನ್ನೆ ತಂದ ಚೂರು ಚಲೋ ಅದಾವ. ಎಲ್ಲೀವಂತ ಕೇಳಬೇಕಂತ ಬಂದೆ. ಇನ್ನೊಂದ ಟ್ರಾಲಿ ಸಿಕ್ರ ಬೇಕಾಗಿತ್ತು."

ರಿಜ್ವಾನ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಒರೆಸುವಂಥದ್ದೇನೂ ಅಲ್ಲಿರಲಿಲ್ಲ. "ಅವು... ಸ್ಟೇಶನ್ ರಸ್ತೆ ಕಡೇವ್ರಿ. ಬೇವು ಬಿದ್ದಿತ್ತು ಗಾಳಿಗೆ."

"ಇವರು ಬಾಗಲಕೋಟಿ ರಸ್ತೇದು ಅಂದ್ರು," ಅಂದಳು ಕಸ್ತೂರಿ. ಅಪ್ಪು ಹಾಗೆಂದಿರಲಿಲ್ಲ.

"ಹಾಂ, ಅಲ್ಲೀವೂ ಕೂಡ್ಯಾವ್ರಿ ಅದರಾಗ. ಎರಡೂ ಕೂಡ್ಯಾವ."

ಸುಳ್ಳು ಅವಳ ಎದುರಿಗೇ ಬಂದು ನಿಂತಂತಾಯಿತು. ಅವಳು ಹೊರಳಿ ಮನೆಯ ದಾರಿ ಹಿಡಿದಳು. ಆದರೆ ಆ ಮಧ್ಯಾಹ್ನವೇ ರಿಜ್ವಾನ ಖಾಲಿ ಟ್ರಾಲಿ ಹೊಡೆದುಕೊಂಡು ಅವಳ ತೋಟಕ್ಕೆ ಬಂದ. ಅಪ್ಪು ಇರಲಿಲ್ಲ. ರಿಜ್ವಾನ ಟ್ರ್ಯಾಕ್ಟರಿನಿಂದ ಇಳಿಯದೆಯೇ ಹೇಳಿದ, "ವೈನಿ, ಆ ಚೂರಿನಾಗ ಗೆದ್ದಲ ಅದಾವಂತ್ರಿ. ಬಳ್ಳಿಗೆ ಹತ್ಯಾವು. ತುಂಬಕೊಂಡ ಹೋಗ್ತೀನಿ. ಬ್ಯಾರೆ ತಂದ ಹಾಕ್ತೀನಿ."

"ಗೆದ್ದಲ ಎಲ್ಲೂ ಕಂಡಿಲ್ಲಲ್ಲ."

"ಒಳಗ ಇರ್ತಾವ್ರಿ."

"ಇರಲಿ ಬಿಡಣ್ಣ. ಅರ್ಧ ಹರವೀನಿ. ಈಗ ಯಾರ ಆರಸಾವ್ರು ಅದನ್ನ?"

ರಿಜ್ವಾನ ಗುಡ್ಡೆಯನ್ನೂ ಅವಳನ್ನೂ ನೋಡಿದ. ಅವಳು ಗುಡ್ಡೆಯ ಮುಂದೆ ಸಲಿಕೆ ಊರಿ ನಿಂತಿದ್ದಳು. ಅವನು ಗಾಡಿ ಹೊರಳಿಸಿದ. ಖಾಲಿ ಟ್ರಾಲಿ ಗಡಗಡ ಅನ್ನುತ್ತ ದೂರವಾಗುವುದನ್ನು ಕೇಳುತ್ತ ನಿಂತ ಕಸ್ತೂರಿಗೆ ಇನ್ನು ಅನುಮಾನವೇ ಉಳಿಯಲಿಲ್ಲ. ತಪ್ಪಿಲ್ಲದವನು ಕೊಟ್ಟ ಕಸವನ್ನು ಮರಳಿ ಕೇಳಲು ಬರುತ್ತಾನೆಯೇ?

ಅವಳು ಜೇನು ಬಣ್ಣದ ಚೂರನ್ನು ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಮೋಘಿಯ ಮನೆಗೆ ಹೋದಳು. ಗಂಡನ ಜೊತೆ ಇನ್ನೊಮ್ಮೆ ಮಾತಾಡಬೇಕಿತ್ತು ಎಂದು ದಾರಿಯಲ್ಲಿ ಅನ್ನಿಸದೆ ಇರಲಿಲ್ಲ. ಆದರೆ ಅವನು ಏನು ಹೇಳಿಬಿಡುತ್ತಾನೋ ಎಂಬ ಅಂಜಿಕೆಯೇ ದೊಡ್ಡದಿತ್ತು. ಅಮೋಘಿಗೆ ಹೇಳಿದರೆ ರಿಜ್ವಾನನೊಬ್ಬನ ಹೆಸರು ಹೇಳಿ ಮುಗಿಸಬಹುದು, ಮನೆಯ ಗಂಡಸು ಅದರಿಂದ ಹೊರಗುಳಿಯುತ್ತಾನೆ ಎಂದು ಅವಳ ಲೆಕ್ಕ.

ಅಮೋಘಿ ಹೊರಸಿನ ಮೇಲೆ ಕೂತು ಚೀಲ ಬಿಚ್ಚಿ ಮೂಸಿದ. ಆಮೇಲೆ ಚೀಲವನ್ನು ಮತ್ತೆ ಗಂಟು ಹಾಕಿ ದಿಂಬಿನ ಕೆಳಗಿಟ್ಟ.

"ನನ್ನ ಉಪ್ಪ ತಿಂದ ಕೂತಿದ್ದ ಅಂವಾ," ಅಂದ. "ನಾನೇ ರೊಟ್ಟಿ ಮುರದ ಕೊಟ್ಟಿದ್ದೆ."

"ಕಾಕಾ, ನಿಮ್ಮ ಗಿಡದ್ದಂತ ನಾ ಹೇಳೂದಿಲ್ರಿ. ನೋಡಿದ್ದಷ್ಟ ಹೇಳೀನಿ."

"ನೀ ಹೇಳೂದೇನ ಬ್ಯಾಡವ್ವ. ಮೂಗ ಹೇಳತೈತಿ."

ಮಾತು ತೋಟದಿಂದ ತೋಟಕ್ಕೆ ಹರಿಯಲು ತಡವಾಗಲಿಲ್ಲ. ಚಾಟ್ನಿಯ ಸುಗ್ಗಿಯಲ್ಲಿ ರಿಜ್ವಾನನ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಅದು ಸುಮ್ಮನಾಯಿತು. ಕಸ್ತೂರಿಯ ತೋಟದ ಪಾಳಿಯೂ ತಪ್ಪಿತು. ಬಾ ಎಂದು ಕರೆದ ಬಬಲೇಶ್ವರದ ತೋಟಗಾರನೊಬ್ಬ ಗೇಟಿನಲ್ಲೇ ನಿಂತು, ಬಳ್ಳಿ ಇನ್ನೂ ಹಸಿ ಇದೆ ಎಂದು ಹೇಳಿ ಯಂತ್ರವನ್ನು ಹಿಂದಕ್ಕೆ ಕಳಿಸಿದ. ಒಣಗಿದ ಬಳ್ಳಿ ಅವನ ಬೆನ್ನ ಹಿಂದೆಯೇ ರಾಶಿ ಬಿದ್ದಿತ್ತಂತೆ. ರಿಜ್ವಾನ ಬರುವುದು ಕಂಡು ಬದುವಿನ ಮೇಲಿನ ಗಿಡ ಎಣಿಸುವವರು ಹುಟ್ಟಿಕೊಂಡರು. ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಯಾರೋ, "ಆ ಮಂದಿ ಹಂಗ" ಅಂದರೆಂದು ರಾಚವ್ವ ಬಂದು ಹೇಳಿದಳು. ಕಸ್ತೂರಿ ಹೇಳಿದ್ದು ಒಬ್ಬನ ಬಗ್ಗೆ. ಮಾತು ಅವನ ಇಡೀ ಓಣಿಯ ಮೇಲೆ ಹೋಗಿ ಕೂತಿತ್ತು.

ಅಪ್ಪು ಮನೆಯಲ್ಲಿ ಊಟಕ್ಕೆ ಕೂತರೂ ಅವಳತ್ತ ನೋಡುತ್ತಿರಲಿಲ್ಲ. "ನೀ ಅಮೋಘಿ ಕಾಕಾನ ಮನಿಗೆ ಹೋಗಿದ್ದೆಂತ," ಎಂದಷ್ಟೇ ಒಮ್ಮೆ ಕೇಳಿದ. ಅವಳು ಹೂಂ ಅಂದಳು. ಅವನು ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋದ. ತಪ್ಪು ಮಾಡಿದವನ ಸಿಟ್ಟೋ, ತಪ್ಪು ಮಾಡದವನ ಸಿಟ್ಟೋ ಅವಳಿಗೆ ತಿಳಿಯಲಿಲ್ಲ. ಎರಡೂ ನೋಡಲು ಒಂದೇ ತರಹ ಇದ್ದವು.

ಆ ಹೊತ್ತಿಗೆ ಅಮೋಘಿ ಚೀಲ ಹಿಡಿದು ಪೊಲೀಸ್ ಠಾಣೆಗೆ ಹೋಗುವವನಿದ್ದ. ಕಸ್ತೂರಿ ಜೊತೆಗೆ ಬಂದು, ಚೂರು ತನ್ನ ತೋಟದಲ್ಲಿ ಸಿಕ್ಕಿತೆಂದು ಹೇಳಬೇಕೆಂದ. ಅವಳು ಆಗಲಿ ಅಂದಿದ್ದಳು. ಹೋಗುವ ಹಿಂದಿನ ದಿನ ಬೆಳಗ್ಗೆ ರಿಜ್ವಾನನ ಹೆಂಡತಿ ಶಾಹೀನ ಬಾಗಿಲಿಗೆ ಬಂದು ನಿಂತಳು.

ಶಾಹೀನ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಾಳು ಆರಿಸುವ ಕೆಲಸಕ್ಕೆ ಬರುತ್ತಿದ್ದಾಗಿನಿಂದ ಕಸ್ತೂರಿಗೆ ಪರಿಚಯ. ಜಗಳಕ್ಕೆ ಬಂದಿದ್ದಾಳೆಂದು ಕಸ್ತೂರಿ ಸೆರಗು ಸಿಕ್ಕಿಸಿ ಹೊರಬಂದಳು. ಶಾಹೀನ ಒಳಗೂ ಬರಲಿಲ್ಲ, ದನಿಯನ್ನೂ ಎತ್ತಲಿಲ್ಲ.

"ಅಕ್ಕಾ, ಚಪ್ಪಲ ಮೆಟ್ಟಕೋರಿ. ಇಟ್ಟಂಗಿಹಾಳಕ ಹೋಗಿ ಬರೂಣು."

"ಯಾಕ?"

"ಆ ಚೂರು ಅಲ್ಲೀವು. ನಮ್ಮವರು ಹೇಳೂದಿಲ್ಲ, ಮಾತ ಕೊಟ್ಟಾರ. ನಿಮ್ಮವರೂ ಕೊಟ್ಟಾರ. ನಾ ಯಾರಿಗೂ ಮಾತ ಕೊಟ್ಟಿಲ್ಲ."

"ಇಲ್ಲೇ ಹೇಳಲ್ಲ ಶಾಹೀನ."

"ನಾ ಹೇಳಿದ್ರ ನೀವು ನಂಬ್ತೀರೇನ್ರಿ?"

ಕಸ್ತೂರಿ ಚಪ್ಪಲಿ ಮೆಟ್ಟಿದಳು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಇವಳು ಯಾರ ಮನೆಗೆ ಒಯ್ಯುತ್ತಿದ್ದಾಳೆ, ಯಾರಿಗೆ ಏನು ಹೇಳಿಕೊಟ್ಟಿದ್ದಾಳೆ ಎಂದು ಕಸ್ತೂರಿಯ ತಲೆ ದಾರಿಯುದ್ದಕ್ಕೂ ಓಡುತ್ತಿತ್ತು. ಯಾರಿಗೂ ಹೇಳದೆ ಬಂದದ್ದು ತಪ್ಪಾಯಿತೇನೋ ಎಂದು ಎರಡು ಸಲ ಫೋನ್ ತೆಗೆದು ಎರಡು ಸಲ ಒಳಗಿಟ್ಟಳು. ವಿಜಯಪುರದ ಹೊರಗಿನ ತಿರುವಿನಲ್ಲಿ ಇಳಿದು ಆಟೋ ಹಿಡಿದರು.

ಇಟ್ಟಂಗಿಹಾಳದ ದಾರಿಯಲ್ಲಿ, ಹೊಸ ಪ್ಲಾಟುಗಳ ನಡುವೆ ಒಂದು ಹಳೆಯ ಮನೆ. ಕಂಪೌಂಡಿನ ಮೇಲೆ ಹೊಸದಾಗಿ ಗಾಜಿನ ಚೂರು ನೆಟ್ಟಿದ್ದರು. ಗೇಟಿಗೆ ಒಳಗಿನಿಂದ ಬೀಗ. ಶಾಹೀನ ಕೂಗಿದಾಗ ಕಿಟಕಿಯ ಪರದೆ ಸರಿಯಿತು, ಯಾರೋ ನೋಡಿದರು, ಪರದೆ ಮುಚ್ಚಿತು. ಬಹಳ ಹೊತ್ತಿನ ಮೇಲೆ ಬಿಳಿ ದುಪಟ್ಟಾ ಹೊದ್ದ ವಯಸ್ಸಾದ ಹೆಂಗಸೊಬ್ಬಳು ಬಂದು ಗೇಟಿನ ಸಂದಿಯಿಂದಲೇ ಕೇಳಿದಳು.

"ಶಾಹೀನ, ಇಕಿ ಯಾರು? ಯಾಕ ಕರ್ಕೊಂಡ ಬಂದಿ?"

"ಖಾಲಾ, ಅಪ್ಪು ಅಣ್ಣಾನ ಮನೀಯವರು. ಇವರ ತೋಟದಾಗ ಹಾಕೀವಲ್ರಿ, ಅವರ."

ಶಾಹೀನ ಚಿಕ್ಕಮ್ಮನಂತೆ ಖಾಲಾ ಎಂದು ಕರೆದ ಅವಳು ಸುಗರಾಬಿ. ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು. ಮಗ ಬಸ್ ಕಂಡಕ್ಟರ್, ದೂರದ ಪಾಳಿ ಬಿದ್ದರೆ ಮನೆಯಲ್ಲಿ ಅವಳು ಮತ್ತು ಸೊಸೆ ತರನ್ನುಮ ಇಬ್ಬರೇ. ಬೀಗ ತೆಗೆದವಳು ಅವರು ಒಳಗೆ ಬಂದ ಕೂಡಲೇ ಮತ್ತೆ ಹಾಕಿದಳು. ಆಮೇಲೆ ಕಸ್ತೂರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟು ದಿನ ತಾನು ರಿಜ್ವಾನನನ್ನು ಹೇಗೆ ನೋಡುತ್ತಿದ್ದೆನೋ ಅದೇ ನೋಟ ಎಂದು ಕಸ್ತೂರಿಗೆ ಅನ್ನಿಸಿತು.

"ಏನ ಕೇಳಬೇಕಾಗೇತಿ ನಿನಗ?"

"ನಮ್ಮ ತೋಟಕ ಬಂದ ಗಂಧ ಯಾರ್ದಂತ ಕೇಳಾಕ ಬಂದೀನ್ರಿ ಅಮ್ಮಾರ."

"ನಂದು," ಅಂದಳು ಸುಗರಾಬಿ. "ನಾನೇ ರುಬ್ಬಿಸೀನಿ."

ಅವಳು ಅವರನ್ನು ಹಿತ್ತಲಿಗೆ ಕರೆದೊಯ್ದಳು. ಒಂದು ಬೇವಿನ ಗಿಡ, ಟೊಂಗೆಗಳನ್ನೆಲ್ಲ ಸವರಿ ಬೋಳಾಗಿ ನಿಂತಿತ್ತು. ಅದರ ಪಕ್ಕಕ್ಕೆ, ಇರಬಾರದ ಜಾಗದಲ್ಲಿ, ನೀರಿನ ದೊಡ್ಡ ಕಪ್ಪು ಟಾಕಿ, ಖಾಲಿ. ಸುಗರಾಬಿ ಟಾಕಿಯ ಅಂಚು ತುಸು ಓರೆ ಮಾಡಿದಳು. ಕೆಳಗೆ ನೆಲಮಟ್ಟಕ್ಕೆ ಕತ್ತರಿಸಿದ ಬೊಡ್ಡೆ. ನಡುವೆ ಜೇನಿನ ಬಣ್ಣದ ತಿರುಳು. ಆ ಪರಿಮಳ.

"ಹಕ್ಕಿ ತಂದ ಹಾಕಿದ ಬೀಜ ಇದು. ನಾವ್ಯಾರೂ ಹಚ್ಚಿದ್ದಲ್ಲ. ದೊಡ್ಡದಾದಂಗ ಮಂದಿ ಬರಾಕ ಹತ್ತಿದ್ರು. ಹಾಲಿನಾಂವ ಬಂದ್ರ ಗಿಡಾ ನೋಡ್ತಿದ್ದ. ಕರೆಂಟ್ ರೀಡಿಂಗ್ ಮಾಡಾಂವ ಬಂದ್ರ ಗಿಡಾ ನೋಡ್ತಿದ್ದ. ನಂಗ ಎಲ್ಲಾರ ಮ್ಯಾಲೂ ಸಂಶೆ. ಒಬ್ಬರಿಗೆ ನೀರ ಕೊಡಾಕೂ ಅಂಜಿಕಿ."

"ಒಂದ ಸಂಜಿ ಬಂದೇ ಬಿಟ್ರು," ಎಂದು ಹಿಂದಿನಿಂದ ಇನ್ನೊಂದು ದನಿ. ತರನ್ನುಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನಾ ಒಣಗಿದ ಅರಿಬಿ ತೆಗೆಯಾಕ ಬಂದಿದ್ದೆ. ಇಬ್ಬರು ಕಂಪೌಂಡ್ ಜಿಗದಿದ್ರು. ಒಬ್ಬಾಂವ ಗರಗಸ ಹಚ್ಚಿದ್ದ, ಇನ್ನೊಬ್ಬಾಂವ ಕುಡಗೋಲ ಹಿಡದ ನನ್ನ ಮುಂದ ನಿಂತಿದ್ದ. ನಾ ಕೈ ಅಡ್ಡ ತಂದೆ." ಅವಳು ತೋಳು ಮೇಲೆತ್ತಿದಳು. ಮುಂಗೈಯಿಂದ ಮೊಣಕೈವರೆಗೆ ಹೊಲಿಗೆ ಹಾಕಿದ ಗಾಯ, ಇನ್ನೂ ಕೆಂಪಗಿತ್ತು. ಎರಡು ಬೆರಳು ಮಡಚಿಕೊಂಡೇ ಇದ್ದವು. ಓಣಿಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆದದ್ದಕ್ಕೆ ಕಳ್ಳರು ಗಿಡವನ್ನು ಅರ್ಧಕ್ಕೆ ಬಿಟ್ಟು ಓಡಿದ್ದರು.

"ಆಮೇಲೆ ಬಂದವರೆಲ್ಲಾ ಗಿಡಾ ನೋಡಿದ್ರು," ಅಂದಳು ಸುಗರಾಬಿ. "ಎಷ್ಟ ದಪ್ಪ ಐತಿ, ಎಷ್ಟ ತಿರುಳ ಐತಿ ಅಂತ. ನನ್ನ ಸೊಸಿ ಕೈ ಯಾರೂ ನೋಡಲಿಲ್ಲ. ಸರಕಾರಕ್ಕ ಅರ್ಜಿ ಹಾಕಿ ಕಡಸ್ರಿ ಅಂದ್ರು. ಅರ್ಜಿ ಹಾಕಿ, ಅವರು ಬಂದು, ಗಿಡ ಹೋಗೂತನಕ ನಾ ಯಾರನ್ನ ನಂಬಿ ಕಣ್ಣ ಮುಚ್ಚಲಿ? ರಿಜ್ವಾನ ಬೇವಿನ ಟೊಂಗಿ ಸವರಾಕ ಬಂದಿದ್ದ. ಇದನ್ನೂ ಹಾಕು ಅಂದೆ. ಹುಚ್ಚ ಹಿಡದೈತೇನ್ ಖಾಲಾ ಅಂದ. ಎರಡ ಸಲ ಹೊಳ್ಳಿ ಹೋದ. ಮೂರನೇ ಸಲ ನಿನ್ನ ಗಂಡನ್ನ ಕರ್ಕೊಂಡ ಬಂದ, ದಿಮ್ಮಿ ಹಿಡಿಯಾಕ ಒಬ್ಬಾಂವಗ ಆಗೂದಿಲ್ಲಂತ. ಸೀಳಿ ಸೀಳಿ ಹಾಕಿದ್ರು. ನಾ ಇಲ್ಲೇ ನಿಂತು ಕಡೀ ತುಂಡಿನತನಕ ನೋಡೀನಿ."

"ಮಾರಬಹುದಿತ್ತಲ್ರಿ," ಅಂದಳು ಕಸ್ತೂರಿ, ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

"ಯಾರಿಗೆ? ಆ ಕುಡಗೋಲನಾಂವಗ?"

ತರನ್ನುಮ ಚಹಾ ತಂದಳು. ಬಸಿ ಎಡಗೈಯಲ್ಲಿ ಹಿಡಿದಿದ್ದಳು. ಅದು ನಡುಗದಂತೆ ಹೆಜ್ಜೆ ಹಗುರ ಇಡುತ್ತಿದ್ದಳು. ಕಸ್ತೂರಿ ಎದ್ದು ಹೋಗಿ ಬಸಿ ಇಸಿದುಕೊಂಡಳು.

"ಅಮ್ಮಾರ, ಟಿಕೋಟಾದಾಗ ರಿಜ್ವಾನಣ್ಣಗ ಕಳ್ಳ ಅನ್ನಾಕತ್ಯಾರ. ನನ್ನಿಂದ ಆದದ್ದು. ಒಬ್ಬರಿಗೆ, ಒಬ್ಬರಿಗಷ್ಟ ಖರೇ ಹೇಳಾಕ ಬಿಡ್ರಿ."

ಸುಗರಾಬಿ ಟಾಕಿಯ ಕಡೆ ಕೈ ತೋರಿಸಿದಳು. "ಬೇರ ಇನ್ನೂ ಒಳಗ ಅದಾವ. ಬೇರಿಗೂ ಬರತಾರ, ಗೊತ್ತೈತಿಲ್ಲ ನಿನಗ? ಹಳ್ಳಿಯಾಗ ಒಬ್ಬರಿಗೆ ಹೇಳಿದ್ರ ಒಬ್ಬರಿಗೇ ಇರತೈತೇನ?" ಅವಳು ಶಾಹೀನಳನ್ನೂ ನೋಡಿದಳು. "ಇವತ್ತಿಗೆ ಇಬ್ಬರ ಹೆಚ್ಚಾದ್ರಿ. ನಾ ಮತ್ತ ನಿದ್ದಿ ಕೆಡಬೇಕು."

ಆ ಮಾತು ಬೇಡಿಕೊಳ್ಳುವಂತೆಯೂ ಬೈಯುವಂತೆಯೂ ಇತ್ತು. ಹೊರಬರುವಾಗ ಸುಗರಾಬಿ ಗೇಟಿಗೆ ಬೀಗ ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿದಳು.

ಬಸ್ಸಿಗೆ ಕಾಯುವಾಗ ಕಸ್ತೂರಿ ಕೇಳಿದಳು, "ರಿಜ್ವಾನಣ್ಣಗ ಗೊತ್ತಾದ್ರ ನಿನಗ ಬೈಯೂದಿಲ್ಲೇನ?"

"ಬೈತಾರ," ಅಂದಳು ಶಾಹೀನ. "ಬೈಲಿ. ಮನ್ಯಾಗ ಕೂತು ಮೆಷಿನ್ನಿನ ಬ್ಲೇಡ ಮಸ್ಯಾಕತ್ಯಾರ, ದಿನಾ. ಕೆಲಸ ಇಲ್ಲ, ಬ್ಲೇಡ ಮಸೀತಾರ. ಅದನ್ನ ನೋಡಾಕ ಆಗೂದಿಲ್ಲ ನನಗ."

ಮನೆಗೆ ಬಂದ ಕಸ್ತೂರಿ ಅಪ್ಪುವನ್ನು ತೋಟದಲ್ಲಿ ಹುಡುಕಿ ಹಿಡಿದಳು. ಅವನು ಡ್ರಿಪ್ ಪೈಪಿನ ಕಸ ತೆಗೆಯುತ್ತಿದ್ದ.

"ಇಟ್ಟಂಗಿಹಾಳಕ ಹೋಗಿ ಬಂದೆ," ಅಂದಳು.

ಅವನ ಕೈ ನಿಂತಿತು.

"ನನಗರೆ ಹೇಳಬೇಕಿತ್ತಲ್ರಿ? ಹೆಂಡ್ತಿಗೆ?"

"ಹೇಳಬೇಕಂತ ಇದ್ದೆ. ನೀ ಕೇಳಿದ ದನಿ ಹೆಂಡ್ತಿ ದನಿ ಇರಲಿಲ್ಲ, ಪೊಲೀಸರದ ಇತ್ತು." ಅಪ್ಪು ಪೈಪನ್ನು ನೆಲಕ್ಕೆ ಬಿಟ್ಟ. "ಇಲ್ಲಿ ಹಾಕು ಅಂತ ನಾನೇ ಹೇಳಿದ್ದೆ ರಿಜ್ವಾನಗ. ನಮ್ಮ ತೋಟದಾಗ ಇದ್ರ ಯಾರೂ ಕೇಳೂದಿಲ್ಲ ಅಂತ ತಿಳದಿದ್ದೆ."

ಅವಳು ಅಲ್ಲೇ ಬದುವಿನ ಮೇಲೆ ಕೂತಳು. ಅವನು ಸ್ವಲ್ಪ ದೂರ ಬಿಟ್ಟು ಕೂತ. ಹತ್ತಿರ ಬರಲು ಇಬ್ಬರಿಗೂ ಇನ್ನೂ ಸಮಯ ಬೇಕಿತ್ತು.

ಮರುದಿನ ಅಮೋಘಿ ಬಿಳಿ ಅಂಗಿ ತೊಟ್ಟು, ಚೀಲ ಹಿಡಿದು ಬಂದ. ಕಸ್ತೂರಿ ಅಂಗಳದಲ್ಲೇ ಅವನಿಗೆ ನೀರು ಕೊಟ್ಟು ಹೇಳಿದಳು.

"ನಾ ಬರೂದಿಲ್ರಿ ಕಾಕಾ. ನಂದ ತಪ್ಪಾತು. ಆ ಚೂರು ನಿಮ್ಮ ಗಿಡದ್ದಲ್ಲ."

"ಮತ್ತ ಯಾರ ಗಿಡದ್ದು?"

"ಹೇಳಾಕ ಬರೂದಿಲ್ಲ. ಕಳವಿನದ್ದಲ್ಲ ಅಂತಷ್ಟ ಹೇಳ್ತೀನಿ."

ಅಮೋಘಿ ತಂಬಿಗೆ ಕೆಳಗಿಟ್ಟ. ನೀರು ಮುಟ್ಟಿರಲಿಲ್ಲ. "ನಿನ್ನೆ ನೀನೂ ಆ ರಿಜ್ವಾನನ ಹೆಂಡ್ತೀನೂ ಬಸ್ ಹತ್ತಿದ್ದು ಊರೆಲ್ಲಾ ನೋಡೇತಿ. ಮೊನ್ನೆ ಕಳ್ಳ ಅಂದಾಕಿ ಇವತ್ತ ಅಲ್ಲ ಅಂತಿ. ನಡುವ ಏನ ನಡೀತು?"

"ಏನೂ ನಡದಿಲ್ಲ. ತಿಳೀತು, ಅಷ್ಟ."

"ನಿನ್ನ ಗಂಡನೂ ಅದರಾಗ ಅದಾನೇನ?"

ಒಂದೇ ಮಾತಿನಲ್ಲಿ ಎಲ್ಲವನ್ನೂ ತೊಳೆದುಹಾಕಬಹುದಿತ್ತು. ಇಟ್ಟಂಗಿಹಾಳ, ಟಾಕಿ, ತರನ್ನುಮಳ ಕೈ. ಸುಗರಾಬಿ ಎಳೆದು ನೋಡಿದ ಬೀಗದ ಸದ್ದು ಅವಳನ್ನು ತಡೆಯಿತು.

"ಪೊಲೀಸರು ಬಂದು ಕೇಳಿದ್ರ, ಆ ಚೀಲ ನಾ ಕೊಟ್ಟಿಲ್ಲ ಅಂತೀನ್ರಿ," ಅಂದಳು.

ಅಮೋಘಿ ಅವಳನ್ನು ನೋಡಿದ. ಸಿಟ್ಟಿಗಿಂತ ಹೆಚ್ಚಾಗಿ ಅವನ ಮುಖದಲ್ಲಿ ಇದ್ದುದು ನೋವು. ಮಗಳ ಹಾಗೆ ಕಂಡವಳು ಎದುರಿಗೇ ಸುಳ್ಳಾಡುವುದಾಗಿ ಹೇಳುತ್ತಿದ್ದಳು. "ಆತವ್ವ," ಎಂದು ಎದ್ದುಹೋದ. ಠಾಣೆಗೆ ಹೋಗಲಿಲ್ಲ. ಅವಳ ಮನೆಯ ಹೊಸ್ತಿಲಿಗೂ ಆಮೇಲೆ ಬರಲಿಲ್ಲ.

ಅಂದು ಸಂಜೆ ಕಸ್ತೂರಿ ಅಪ್ಪುವಿನ ಕೈಯಲ್ಲಿ ಮಾಡಿಸದೆ ತಾನೇ ರಿಜ್ವಾನನಿಗೆ ಫೋನ್ ಮಾಡಿದಳು. "ಅಣ್ಣ, ಮೆಷಿನ್ ತರ್ರಿ. ಬಳ್ಳಿ ಒಣಗ್ಯಾವ." "ಹಗಲಾಗ ತರ್ರಿ, ದೊಡ್ಡ ದಾರೀಲೆ ತರ್ರಿ," ಎಂದು ಮತ್ತೆ ಹೇಳಿದಳು.

ಅವನು ತಂದ. ಊರಿನ ನಡುವಿನಿಂದಲೇ ಬಂದ. ಆಚೀಚೆ ತೋಟದವರು ಬದುವಿಗೆ ಬಂದು ನಿಂತು ನೋಡಿದರು. ಕಸ್ತೂರಿ ಸೆರಗನ್ನು ಮುಖಕ್ಕೆ ಕಟ್ಟಿಕೊಂಡು ಯಂತ್ರದ ಬಾಯಿಗೆ ಬಳ್ಳಿ ಕೊಡಲು ತಾನೇ ನಿಂತಳು. ಅವಳು ಹೆಚ್ಚು ಹತ್ತಿರ ಬಂದಾಗ ರಿಜ್ವಾನ ತೋಳು ಅಡ್ಡ ಹಿಡಿದು ಹಿಂದಕ್ಕೆ ಸರಿಸಿದ. ಆ ದಿನ ಅವಳ ಜೊತೆ ಅವನು ಒಂದು ಮಾತೂ ಆಡಲಿಲ್ಲ. ದ್ರಾಕ್ಷಿ ಬಳ್ಳಿಯ ಚೂರು ಸಾಲು ಸಾಲಾಗಿ ಗಂಧದ ಚೂರಿನ ಮೇಲೆ ಬಿದ್ದು ಅದನ್ನು ಮುಚ್ಚಿತು. ಊಟದ ಹೊತ್ತಿಗೆ ರಾಚವ್ವ ರೊಟ್ಟಿ ಬಡಿಸಿದಳು. ಅವನು ಅಪ್ಪುವಿನ ಪಕ್ಕ ಕೂತು ತಿಂದ. ತಿಂದದ್ದೇ ದೊಡ್ಡದೆಂದು ಕಸ್ತೂರಿಗೆ ಅನ್ನಿಸಿತು.

ಚಾಟ್ನಿ ಆದ ಮೇಲೆ ಬಳ್ಳಿ ಕಾಯುವುದಿಲ್ಲ. ಸಾಲಿನ ಕಸ ತೆಗೆಯಲೇಬೇಕು, ಔಷಧಿ ಹೊಡೆಯಲು ಗಾಡಿ ಒಳಗೆ ಬರಬೇಕು. ಕೆಲವರು ಅದಕ್ಕಾಗಿ, ಕೆಲವರು ಕಸ್ತೂರಿಯ ತೋಟದಲ್ಲಿ ಯಂತ್ರ ನಡೆದದ್ದು ನೋಡಿ, ಒಬ್ಬೊಬ್ಬರಾಗಿ ರಿಜ್ವಾನನನ್ನು ಮತ್ತೆ ಕರೆದರು. ಎಲ್ಲರೂ ಕರೆಯಲಿಲ್ಲ. ಕರೆದವರಲ್ಲೂ ಅವನು ಹೋಗುವವರೆಗೆ ಬದುವಿನ ಮೇಲೆ ನಿಂತಿರುವವರು ಇದ್ದರು.

ಅಮೋಘಿಯ ಗಿಡ ಕಡಿದವರು ಯಾರೆಂದು ಇಂದಿಗೂ ತಿಳಿದಿಲ್ಲ. ಒಮ್ಮೊಮ್ಮೆ ಕಸ್ತೂರಿಯ ಮನಸ್ಸಿನಲ್ಲಿ ಆ ಪ್ರಶ್ನೆ ತಲೆ ಎತ್ತುತ್ತದೆ. ನೆರಳಿನಲ್ಲಿ ಕೂತು ಆಡಿದ ಆ ಮಾತು ನೆನಪಾಗುತ್ತದೆ. ಆಗ ಅವಳು ತನ್ನ ಮೇಲೇ ಸಿಟ್ಟಾಗಿ ಕೈಗೆ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಾಳೆ.

ಆ ವರ್ಷ ಅಮೋಘಿ ತನ್ನ ಬಳ್ಳಿಗೆ ಯಂತ್ರ ಕರೆಸಲಿಲ್ಲ. ಹಳೆಯ ಹಾಗೆ ಬದುವಿಗೆ ಎಳೆಸಿ ಬೆಂಕಿ ಹಚ್ಚಿದ. ಹೊಗೆ ದಿನವಿಡೀ ಕಸ್ತೂರಿಯ ಚಿಗುರುಬಳ್ಳಿಗಳ ಮೇಲೆ ಬಂದು ಕವಿಯಿತು. ಚಿಗುರಿಗೆ ಹೊಗೆ ಒಳ್ಳೆಯದಲ್ಲ, ಹೋಗಿ ಹೇಳು ಎಂದು ರಾಚವ್ವ ಎರಡು ಸಲ ಅಂದಳು. ಕಸ್ತೂರಿ ಹೋಗಲಿಲ್ಲ. ಕಣ್ಣುರಿಯುತ್ತಿದ್ದರೂ ಸ್ಪ್ರಿಂಕ್ಲರಿನ ಪೈಪು ಎಳೆದು ತಂದು, ಹೊಗೆ ಬರುವ ಕಡೆಯ ಸಾಲಿನ ಚಿಗುರಿಗೆ ಮಸಿ ಕೂರದಂತೆ ನೀರು ಬಿಟ್ಟಳು.